ಆರಿಸಿಕೊಟ್ಟ ಚಹಾ

ಯಾರಾದರೂ ಬಶಿಗೆ ಚಹಾ ಸುರಿದು ಊದಿದರೆ ಇಂದಿಗೂ ನನ್ನ ಕಣ್ಣು ನೆಲಕ್ಕಿಳಿಯುತ್ತದೆ.

ಆ ಮಧ್ಯಾಹ್ನ ಶಿರಗುಪ್ಪಿಯ ನಮ್ಮ ಮನೆಗೆ ನಿಪ್ಪಾಣಿಯಿಂದ ಹೆಣ್ಣಿನ ಕಡೆಯವರು ಗಂಡು ನೋಡಲು ಬಂದಿದ್ದರು. ಗಂಡು ಎಂದರೆ ನಮ್ಮ ಕಾಕಾ, ಅಪ್ಪನ ತಮ್ಮ. ನಲವತ್ತು ದಾಟಿತ್ತು. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಟ್ರ್ಯಾಕ್ಟರ್ ಓಡಿಸುವ ಆಳು, ಅಂದು ಹೊಸ ಅಂಗಿ ತೊಟ್ಟು ಗಾದಿಯ ತುದಿಯಲ್ಲಿ ಮುದುಡಿ ಕುಳಿತಿದ್ದ. ಬಿರುಸಾದ ಕಾಲರು ಅವನ ಕುತ್ತಿಗೆಯನ್ನು ಕೊರೆಯುತ್ತಿತ್ತು.

ಬಂದವರು ಅವನನ್ನು ಏನೇ ಕೇಳಿದರೂ ಅಜ್ಜಿಯೇ ಉತ್ತರ ಕೊಡುತ್ತಿದ್ದಳು. "ಭಾಳ ಸಂಭಾವಿತ ಅದಾನ್ರಿ ನನ್ನ ಮಗ. ನಾ ನೀಡಲಿಲ್ಲಂದ್ರ ಊಟಾನೂ ಮಾಡಂಗಿಲ್ಲ."

ಚಹಾ ಬಂತು. ಮಾತಿನ ಭರದಲ್ಲಿ ಅಜ್ಜಿ, ದಿನಾ ಮುಂಜಾನೆ ಮಾಡುವಂತೆಯೇ, ಕಾಕಾನ ಕಪ್ಪೆತ್ತಿ ಬಶಿಗೆ ಸುರಿದಳು. ಫೂ ಫೂ ಎಂದು ಊದಿದಳು. ಕೆನೆಯನ್ನು ಬೆರಳಿನಿಂದ ಸರಿಸಿ ಅವನ ಮುಂದೆ ಹಿಡಿದಳು.

"ಕುಡಿ, ಆರೇತಿ."

ಹುಡುಗಿಯ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಬಾಗಿಲ ಹಿಂದೆ ಸರಿದೆ. ಬೇಡ ಅನ್ನು ಕಾಕಾ, ಎಂದು ಒಳಗೊಳಗೇ ಬೇಡಿಕೊಂಡೆ. ಅಜ್ಜಿಯ ಚಾಚಿದ ಕೈಯಲ್ಲಿ ಬಶಿ ಹಾಗೇ ನಿಂತಿತ್ತು. ಕಾಕಾ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಸದ್ದಿಲ್ಲದೆ, ಪೂರ್ತಿ ಕುಡಿದ.

ಅವರ ಗಾಡಿ ಓಣಿ ದಾಟಿದ ಮೇಲೆ ಅಜ್ಜಿ ಅವನ ಮುಖ ನೋಡಿ ಗಾಬರಿಯಾದಳು.

"ಮಾರಿ ಯಾಕೋ ಹಿಂಗ ಕೆಂಪಗಾಗೈತಿ? ಚಹಾ ಸುಡಾಕತ್ತಿತ್ತೇನು?"

"ಹೂನ ಯವ್ವಾ," ಎಂದ ಕಾಕಾ, ಖಾಲಿ ಬಶಿ ನೋಡುತ್ತ. "ಸ್ವಲ್ಪ ಬಿಸಿ ಇತ್ತು."