ಗಂಗಲಕ್ಷ್ಮಮ್ಮನ ತಟ್ಟೆ

ತಟ್ಟೆಯ ಮೂಲೆಯಲ್ಲಿ ಒಂದು ಗಂಡು ಚಿಟ್ಟೆ ಪಟಪಟನೆ ರೆಕ್ಕೆ ಬಡಿಯುತ್ತಾ ಗಿರಗಿರ ಸುತ್ತುತ್ತಿತ್ತು. ಶಶಿಕಲಾ ಹೆಗಲಿನ ಚೀಲವನ್ನು ಇನ್ನೂ ಇಳಿಸಿರಲಿಲ್ಲ. ಅಮ್ಮನ ಕಾಯಿಲೆ, ಸಾವು, ತಿಥಿ ಎಂದು ಎರಡು ತಿಂಗಳು ರಜೆಯಲ್ಲಿದ್ದವಳು ಆ ದಿನ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಯ ಕಾಲೇಜಿಗೆ ಬಂದು, ನೆಟ್ಟಗೆ ರೇಷ್ಮೆ ಹುಳುವಿನ ಪ್ರಯೋಗಾಲಯಕ್ಕೇ ನುಗ್ಗಿದ್ದಳು. ಬೇರೆ ತಟ್ಟೆಗಳಲ್ಲಿ ಗಂಡಿರಲಿ, ಯಾರು ಬೇಡವೆಂದರು? ಇದು ‘ಗಂಗಾ’ ತಟ್ಟೆ. ಮೂವತ್ತು ವರ್ಷದಿಂದ ಇದರಲ್ಲಿ ಗಂಡೆಂಬುದು ಹುಟ್ಟಿದ್ದೇ ಇಲ್ಲ.

“ಚೇತನಾ! ಇದನ್ಯಾರು ತಂದು ಬಿಟ್ಟಿದ್ದು ಇಲ್ಲಿ?”

ಅವಳ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ ಬಾಗಿಲಲ್ಲೇ ನಿಂತಳು. “ಯಾರೂ ಬಿಟ್ಟಿಲ್ಲ ಮೇಡಂ. ಅಲ್ಲೇ ಹುಟ್ಟಿದ್ದು.”

ಅಲ್ಲೇ ಹುಟ್ಟುವುದೆಂದರೇನು! ಗಂಡಿನ ಜೊತೆ ಸೇರದ ಹೆಣ್ಣು ಚಿಟ್ಟೆಯ ಮೊಟ್ಟೆಗಳನ್ನು ತೆಗೆದು, ಹದವಾದ ಬಿಸಿನೀರಿನಲ್ಲಿ ಒಂದಷ್ಟು ಹೊತ್ತು ಅದ್ದಿಟ್ಟರೆ ಅವುಗಳಲ್ಲಿ ತಾನಾಗಿ ಜೀವ ಮೂಡುತ್ತದೆ. ಬರುವುದೆಲ್ಲ ಹೆಣ್ಣೇ, ಅದೂ ತಾಯಿಯ ಪಡಿಯಚ್ಚು. ಅಪ್ಪನೇ ಇಲ್ಲದ ಮೇಲೆ ಬೆರಕೆ ಎಲ್ಲಿಂದ ಬರಬೇಕು? ಬೆಳೆಯಿಂದ ಬೆಳೆಗೆ ಶಶಿಕಲಾ ಹೀಗೇ ಈ ವಂಶವನ್ನು ಕಾಪಾಡಿಕೊಂಡು ಬಂದಿದ್ದಳು. ಅದರ ಮೊದಲ ಚಿಟ್ಟೆ ಅವಳ ಅಮ್ಮ ಗಂಗಲಕ್ಷ್ಮಮ್ಮನ ಮನೆಯದು. ಕೆಂಗೇರಿಯಾಚೆಯ ಹೊಲ ಬಡಾವಣೆಗೆ ಸೇರುವ ಮುಂಚಿನ ಕಡೆಯ ಬೆಳೆಯಲ್ಲಿ ಅಮ್ಮ ಒಂದು ಹಿಡಿ ಗೂಡು ಬಿಡಿಸಿ ಮಗಳ ಮಡಿಲಿಗೆ ಹಾಕಿ, “ಇವನ್ನಾದ್ರೂ ಬೇಯಿಸ್ಬೇಡ ಕಣೇ, ಬದುಕ್ಕೊಳ್ಳಲಿ” ಅಂದಿದ್ದಳು.

ಆ ಹುಳುಮನೆಯ ಹಸಿ ಸೊಪ್ಪಿನ ವಾಸನೆ ಶಶಿಕಲಾಳ ಮೂಗಿನಲ್ಲಿ ಇನ್ನೂ ಇದೆ. ಅರಿಶಿನದ ಕೈಯಲ್ಲಿ ಹುಳು ಮುಟ್ಟಿದರೆ ಅಮ್ಮ ಬೆನ್ನಿಗೊಂದು ಬಾರಿಸುತ್ತಿದ್ದಳು. ಪೊರೆ ಬಿಡಲು ಹುಳು ‘ಜ್ವರ’ಕ್ಕೆ ಕೂತರಂತೂ ಮನೆಮಂದಿಯೆಲ್ಲ ಪಿಸುಮಾತು, ಯಾರೋ ಬಾಣಂತಿ ಮಲಗಿರುವ ಹಾಗೆ. ಆ ಮನೆಯಲ್ಲಿ ಮೂರೂ ಹೆಣ್ಣುಮಕ್ಕಳೇ. ಮೂರನೆಯದಾದರೂ ಗಂಡಾಗಲೆಂದು ಅಪ್ಪ ಹಂಚಲು ಸಕ್ಕರೆ ತಂದಿಟ್ಟಿದ್ದರಂತೆ. ಹುಟ್ಟಿದ್ದು ಶಶಿಕಲಾ. ಪೊಟ್ಟಣ ಅಟ್ಟಕ್ಕೆ ಹೋಗಿ ಇರುವೆ ಪಾಲಾಯಿತು. ಅಮ್ಮ ಇದನ್ನು ನಗುನಗುತ್ತಲೇ ಹೇಳುತ್ತಿದ್ದಳು, ಕೇಳಿದವರೂ ನಗುತ್ತಿದ್ದರು. ಶಶಿಕಲಾಗೆ ಮಾತ್ರ ಮೈ ಉರಿಯುತ್ತಿತ್ತು. ಗಂಡು ದಿಕ್ಕಿಲ್ಲದ ಮನೆ ಎಂದು ಆಡಿಕೊಂಡ ಊರಿಗೆ ಅವಳು ಕೊಟ್ಟ ಉತ್ತರವೇ ಈ ತಟ್ಟೆ. ಒಮ್ಮೆ ಅಮ್ಮನನ್ನು ಕರೆತಂದು ಹೆಮ್ಮೆಯಿಂದ ತೋರಿಸಿಯೂ ಇದ್ದಳು. ಅಮ್ಮ ಕನ್ನಡಕ ಏರಿಸಿಕೊಂಡು ನೋಡಿ, “ಎಲ್ಲಾ ಹೆಣ್ಣೇನಾ? ಅಯ್ಯೋ ಪಾಪ, ಇದಕ್ಕೂ ನನ್ನ ಹಣೆಬರಹವೇನೇ!” ಅಂದುಬಿಟ್ಟಳು.

“ಏನಾಯ್ತು, ಸರಿಯಾಗಿ ಹೇಳು,” ಅಂದಳು ಶಶಿಕಲಾ.

ಚೇತನಾ ದುಪಟ್ಟಾದ ತುದಿ ಹಿಂಡುತ್ತಾ ಹೇಳಿದಳು. “ನೀವು ಆಸ್ಪತ್ರೇಲಿದ್ರಿ ಮೇಡಂ. ಹುಳಕ್ಕೆ ರೋಗ ಬಂದು ಉಳಿದಿದ್ದು ಎರಡೇ ಚಿಟ್ಟೆ. ಕರೆಂಟ್ ಬೇರೆ ಹೋಗಿತ್ತು. ಗ್ಯಾಸ್ ಮೇಲೆ ನೀರಿಟ್ಟೆ, ಗಾಬರೀಲಿ ಜಾಸ್ತಿ ಕಾದ್ಹೋಯ್ತು. ಒಂದು ಚಿಟ್ಟೆ ಮೊಟ್ಟೆ ಎಲ್ಲಾ ಬೆಂದ್ಹೋಯ್ತು. ಇನ್ನೊಂದರ ಮೊಟ್ಟೇನ ನೀರಿಗೆ ಹಾಕೋಕೆ ಧೈರ್ಯಾನೇ ಬರ್ಲಿಲ್ಲ. ಅದಕ್ಕೇ… ಪಕ್ಕದ ತಟ್ಟೆಯಿಂದ ಒಂದು ಗಂಡು ತಂದು ಬಿಟ್ಟೆ.”

“ಒಂದು ಫೋನ್ ಮಾಡೋಕೆ ಏನಾಗಿತ್ತು?”

“ಮಾಡ್ದೆ ಮೇಡಂ. ನಿಮ್ಮಕ್ಕ ತಗೊಂಡ್ರು. ಅಮ್ಮ ಹೋಗ್ಬಿಟ್ರು ಅಂದ್ರು.”

ಶಶಿಕಲಾ ಸ್ಟೂಲಿನ ಮೇಲೆ ಕೂತಳು. ಸ್ಮಶಾನದಲ್ಲಿ ಬಾರದೆ ಉಳಿದಿದ್ದ ಅಳು ಈಗ ಒತ್ತಿ ಬಂತು. ಅಮ್ಮ ಹೋದರೂ ಅಮ್ಮ ಸಾಕಿದ ಆ ಚಿಟ್ಟೆ ಕೂದಲೆಳೆಯಷ್ಟೂ ಬದಲಾಗದೆ ಇಲ್ಲಿದೆ ಎಂಬ ಒಂದೇ ಧೈರ್ಯದಿಂದ ಅವಳು ಮನೆಯಿಂದ ಹೊರಟಿದ್ದಳು. ಅದೂ ಹೋಯಿತು.

“ಸಾರಿ ಮೇಡಂ,” ಚೇತನಾಳ ಧ್ವನಿ ಒಡೆಯಿತು. “ಪೂರ್ತಿ ಹೋಗೋದಕ್ಕಿಂತ ಅರ್ಧ ಆದ್ರೂ ಉಳೀಲಿ ಅಂತ ಮಾಡ್ದೆ.”

“ಅರ್ಧ ಅಮ್ಮ ಅಂತ ಯಾರಾದ್ರೂ ಇರ್ತಾರೇನೇ?” ಶಶಿಕಲಾ ರೇಗಿದಳು.

ಹುಡುಗಿ ಕಣ್ಣೊರೆಸಿಕೊಂಡು, ಅರ್ಥವಾಗದವಳಂತೆ ಅವಳ ಮುಖವನ್ನೇ ನೋಡಿದಳು. “ನೀವಿದೀರಲ್ಲ ಮೇಡಂ.”

ಶಶಿಕಲಾ ತಟ್ಟೆಯ ಅಂಚಿನ ಮೇಲಿದ್ದ ತನ್ನ ಕೈ ನೋಡಿಕೊಂಡಳು. ಬೆರಳುಗಳು ಅಮ್ಮನವು, ಗಿಡ್ಡ ಅಗಲ ಉಗುರು ಅಪ್ಪನದು. ಗಂಡು ಚಿಟ್ಟೆ ಸುತ್ತಿ ಸುತ್ತಿ ಬಂದು ಅದೇ ಬೆರಳು ಹತ್ತಿತು. ಒಂದು ಗಳಿಗೆ ಸುಮ್ಮನಿದ್ದು, ಮತ್ತೆ ರೆಕ್ಕೆ ಬಡಿಯತೊಡಗಿತು.

“ತೆಗೆದು ಬಿಸಾಕ್ಲಾ ಮೇಡಂ?”

“ಮುಟ್ಬೇಡ ಅದನ್ನ. ಹೋಗಿ ಕಾಫಿ ಮೂಲೇಲಿರೋ ಸಕ್ಕರೆ ಡಬ್ಬಿ ತಗೊಂಡ್ಬಾ.”

ಚೇತನಾ ಏನೂ ತಿಳಿಯದೆ ಓಡಿಹೋಗಿ ಡಬ್ಬಿ ತಂದಳು. ಶಶಿಕಲಾ ಚಿಟ್ಟೆ ಕೂತ ಕೈಯನ್ನು ಅಲುಗಿಸದೆ, ಇನ್ನೊಂದು ಕೈಯಿಂದ ಒಂದು ಚಿಟಿಕೆ ತೆಗೆದು ಹುಡುಗಿಯ ಅಂಗೈಗೆ ಹಾಕಿದಳು. ಇನ್ನೊಂದು ಚಿಟಿಕೆಯನ್ನು ತನ್ನ ಬಾಯಿಗೇ ಹಾಕಿಕೊಂಡಳು.

“ತಿನ್ನೇ. ನಮ್ಮಮ್ಮನ ಮನೇಲಿ ಗಂಡು ಹುಟ್ಟಿದೆ. ನಾನು ಹುಟ್ಟಿದಾಗ ಹಂಚದೆ ಅಟ್ಟಕ್ಕೆ ಹಾಕಿದ್ರಲ್ಲ, ಆ ಸಕ್ಕರೆ ಇದು.”