ಅಡುಗೆಮನೆಯಲ್ಲೊಂದು ಕಣ್ಣು

ಹ್ಯೇರಿನ್ ಎಡಗೈಯೊಂದರಲ್ಲೇ ಟೈಪ್ ಮಾಡುತ್ತಿದ್ದಳು. ಬಲಗೈಯ ಬೆರಳುಗಳನ್ನು ಮೊನ್ನೆ ಗಂಡ ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಜಡಿದಿದ್ದ.

ಕೊರಿಯಾದ ಉಲ್ಸಾನ್ ನಗರದ ಆ ಮೂರನೇ ಮಹಡಿಯ ಮನೆಯಲ್ಲಿ ಎಲ್ಲೋ ಒಂದು ಕ್ಯಾಮೆರಾ ಇದೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು. ಇಲ್ಲದಿದ್ದರೆ ಅವಳು ಮನೆ ಬಿಡಲೆಂದು ಬಟ್ಟೆ ತುಂಬಿದ ದಿನವೇ ಗಂಡ ಸಾಂಗಿಲ್ ತನ್ನ ಕಾರ್ಖಾನೆಯಿಂದ ಮಟಮಟ ಮಧ್ಯಾಹ್ನ ಹೇಗೆ ಬಂದ? ಅಂದು ಅವಳ ಎರಡು ಹಲ್ಲು ಹೋದವು. ಫೋನೂ ಹೋಯಿತು. ಅಕ್ಕಪಕ್ಕದವರು ಕರೆಸಿದ ಪೊಲೀಸರಿಗೆ ಅವನು ನಗುನಗುತ್ತ, "ಮೆಟ್ಟಿಲ ಮೇಲಿಂದ ಬಿದ್ಲು" ಎಂದ. ಅವರು ಸಾಕ್ಷಿ ಕೇಳಿದರು. ಸಾಕ್ಷಿ ಇರಲಿಲ್ಲ. ಹೊರಟುಹೋದರು.

ಭಾನುವಾರ ಅತ್ತೆ ಬಂದಿದ್ದರು. ಎದುರು ಬೀದಿಯ ಮೀನು ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟುಕೊಂಡ ಗಟ್ಟಿ ಹೆಂಗಸು. ಕಿಮ್ಚಿ ಉಪ್ಪಿನಕಾಯಿಯ ಡಬ್ಬವನ್ನು ಫ್ರಿಜ್ಜಿನೊಳಗೆ ತಳ್ಳುತ್ತ ಸೊಸೆಯ ಊದಿದ ಕೆನ್ನೆಯನ್ನು ಒಮ್ಮೆ ನೋಡಿದರು.

"ಸ್ವಲ್ಪ ದಿನ ತಡ್ಕೊ. ಎಲ್ಲೂ ಓಡಿಹೋಗ್ಬೇಡ."

ಅಷ್ಟೇ. ಹೆತ್ತ ಕರುಳಲ್ಲವೇ, ಮಗನ ಕಡೆಗೇ ಎಂದುಕೊಂಡಳು ಹ್ಯೇರಿನ್.

ಇಂದು ಹೇಗಾದರೂ ಮನೆ ಬಿಡಬೇಕು. ಬಿಡುವ ಮೊದಲು ಆ ಕಣ್ಣನ್ನು ಕೀಳಬೇಕು.

ಮದುವೆಗೆ ಮುಂಚೆ ಅವಳು ನೆಟ್‌ವರ್ಕ್ ಕೆಲಸದಲ್ಲಿದ್ದವಳು. ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ಹಳೆಯ ಲ್ಯಾಪ್‌ಟಾಪ್ ತೆಗೆದು, ಅದಕ್ಕೆ ಬೆರಳುದ್ದದ ವೈಫೈ ಕಾರ್ಡ್ ಸಿಕ್ಕಿಸಿದಳು. ಮಾಮೂಲಿ ಡ್ರೈವರ್ ತಂತ್ರಾಂಶದಲ್ಲಿ ಆ ಕಾರ್ಡ್ ಮನೆಯ ವೈಫೈಗೆ ಸೇರುತ್ತದೆ, ತನಗೆ ಬಂದ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಬೇರೆ ಡ್ರೈವರ್ ಹಾಕಿ ಆಲಿಸುವ ಮೋಡ್‌ಗೆ ತಿರುಗಿಸಿದರೆ ಸುತ್ತಲಿನ ಎಲ್ಲ ಸಾಧನಗಳ ಸದ್ದೂ ಅದರ ಕಿವಿಗೆ ಬೀಳುತ್ತದೆ. ಆದರೆ ಆಗ ಅದಕ್ಕೆ ಬಾಯಿಲ್ಲ. ಅದರಿಂದ ಯಾರಿಗೂ ಒಂದು ಸಂದೇಶ ಕಳಿಸಲಾಗದು.

ಮಾಮೂಲಿ ಡ್ರೈವರ್ ಕಿತ್ತಳು. ಹೊಸದನ್ನು ಹಾಕಿದಳು. ಕಾರ್ಡ್ ಒಪ್ಪಲಿಲ್ಲ. ಅದನ್ನು ಕಿತ್ತು ಮತ್ತೆ ಸಿಕ್ಕಿಸಿ, ಮೋಡ್ ಬದಲಿಸಿದಳು. ಪರದೆಯ ಮೇಲೆ ಸಾಲುಗಳು ಸುರಿಯತೊಡಗಿದವು.

ಟಿವಿ, ವಾಷಿಂಗ್ ಮಷೀನು, ಪಕ್ಕದ ಮನೆಯವರ ಫೋನುಗಳು. ಇವುಗಳ ನಡುವೆ ಹೆಸರಿಲ್ಲದ ಒಂದು ಸಾಧನ ಬಿಡುವಿಲ್ಲದೆ ಏನನ್ನೋ ಹೊರಗೆ ಕಳಿಸುತ್ತಿತ್ತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕೋಣೆಯಿಂದ ಕೋಣೆಗೆ ನಡೆದಳು. ಅಡುಗೆಮನೆಯಲ್ಲಿ ಸಿಗ್ನಲ್ ಏರಿತು. ಫ್ರಿಜ್ಜಿನ ಬಳಿ ಇನ್ನೂ ಏರಿತು. ಅದರ ಮಗ್ಗುಲಲ್ಲಿ ಗೋಡೆಯ ಪ್ಲಗ್ಗಿಗೆ ಒಂದು ಚಾರ್ಜರ್ ಚುಚ್ಚಿತ್ತು. ಅದರ ಮೂತಿಯಲ್ಲಿ ಸಾಸಿವೆಯಷ್ಟು ಗಾಜು.

ಕಿತ್ತು ನೆಲಕ್ಕೆ ಬಡಿಯಬೇಕೆಂದು ಕೈ ಚಾಚಿದಳು. ಅಷ್ಟರಲ್ಲಿ ಪರದೆಯಲ್ಲಿ ಹೊಸ ಸಾಲೊಂದು ಮೂಡಿತು. ಸಾಂಗಿಲ್‌ನ ಫೋನು. ಸಿಗ್ನಲ್ ಏರುತ್ತಿತ್ತು. ಅವನು ಮೆಟ್ಟಿಲು ಹತ್ತುತ್ತಿದ್ದ.

ಊರಲ್ಲೇ ಇದ್ದ ತನ್ನ ತಂಗಿಗೆ ಒಂದು ಸಾಲು ಕಳಿಸಿದರೆ ಸಾಕಿತ್ತು, ಯಾರನ್ನಾದರೂ ಕರೆತರುತ್ತಿದ್ದಳು. ಆಲಿಸುವ ಮೋಡ್ ನಿಲ್ಲಿಸಿದಳು. ಹೊಸ ಡ್ರೈವರ್ ಕಿತ್ತಳು. ಹಳೆಯದನ್ನು ಹಾಕಿದಳು. "ಕಾರ್ಡ್ ಸಿಗುತ್ತಿಲ್ಲ" ಎಂದಿತು ಪರದೆ. ಮತ್ತೆ ಹಾಕಿದಳು. ಬೆವರಿಗೆ ಬೆರಳು ಜಾರಿತು. ಹೊರಗೆ ಬಾಗಿಲ ಬೀಗದ ಅಂಕಿಗಳು ಪೀಂ ಪೀಂ ಎಂದವು.

"ಯಾರಿಗೇ ಬರೀತಿದೀಯ?"

ಮೊದಲ ಏಟು ಕಿವಿಗೆ ಬಿತ್ತು. ಎರಡನೆಯದಕ್ಕೆ ಅವಳು ಒಲೆಗೆ ಅಪ್ಪಳಿಸಿದಳು. ಅವನು ಕೂದಲು ಹಿಡಿದು ನೆಲದ ಮೇಲೆ ಎಳೆದಾಡಿದ, ಹೊಟ್ಟೆಗೆ ಒದ್ದ. ಬಾಯಲ್ಲಿ ರಕ್ತ ತುಂಬಿಕೊಂಡು ಅವಳು ಗೋಡೆಯತ್ತ ಕೈ ತೋರಿಸಿದಳು.

"ನೋಡ್ಕೊ. ಚೆನ್ನಾಗಿ ನೋಡ್ಕೊ. ನಿನ್ನ ಕ್ಯಾಮೆರಾದಲ್ಲಿ ಇದೂ ಬರುತ್ತಲ್ಲ, ಆಮೇಲೆ ಕೂತು ನೋಡು."

ಮೊದಲ ಸಲ ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದಳು. ಅವನ ಕಾಲು ಗಾಳಿಯಲ್ಲೇ ನಿಂತಿತು.

"ಯಾವ ಕ್ಯಾಮೆರಾ?"

ಚಾರ್ಜರ್ ಕಿತ್ತು ಬೆಳಕಿಗೆ ಹಿಡಿದ. ಅವನ ಮುಖದ ಬಣ್ಣ ಇಳಿಯಿತು. "ನನಗ್ಯಾಕೇ ಕ್ಯಾಮೆರಾ? ನಿನ್ನ ಫೋನಿಗೆ ಬಂದ ಮೆಸೇಜೆಲ್ಲ ನನ್ನ ಫೋನಿಗೂ ಬರ್ತಿತ್ತು, ಅವತ್ತು ನೀನು ಓಡೋದು ಗೊತ್ತಾಗಿದ್ದೂ ಹಂಗೇ. ಇದನ್ನ ಇಟ್ಟೋರು ಯಾರು? ನೀನಾ? ನನ್ನ ಜೈಲಿಗೆ ಕಳಿಸೋಕಾ?"

ಅವನದಲ್ಲವೇ? ಹ್ಯೇರಿನ್‌ಗೆ ಯೋಚಿಸಲು ಅವನು ಬಿಡಲಿಲ್ಲ. ಕ್ಯಾಮೆರಾವನ್ನು ಹಿಮ್ಮಡಿಯಲ್ಲಿ ಹೊಸಕಿ ಪುಡಿ ಮಾಡಿದ. ಆಮೇಲೆ ಎರಡೂ ಕೈಯಲ್ಲಿ ಅವಳ ಕುತ್ತಿಗೆ ಹಿಡಿದ. ಕಣ್ಣು ಕತ್ತಲೆಯಾಗುತ್ತ ಬಂತು. ಅವಳ ಎಡಗೈ ನೆಲ ತಡಕಿತು. ಸಿಕ್ಕಿದ್ದು ಲ್ಯಾಪ್‌ಟಾಪ್. ಇದ್ದಬದ್ದ ಬಲವನ್ನೆಲ್ಲ ಹಾಕಿ ಅದರ ಅಂಚನ್ನು ಅವನ ಕಣ್ಣ ಮೇಲೆ ಬೀಸಿದಳು. ಮತ್ತೊಮ್ಮೆ ಬೀಸಿದಳು. ಹಿಡಿತ ಸಡಿಲಿತು. ಅವನು ಮುಖ ಮುಚ್ಚಿಕೊಂಡು ಹೋರಿಯಂತೆ ಅರಚಿದ.

ಬಾಗಿಲ ಬೀಗ ಮತ್ತೆ ಪೀಂಗುಟ್ಟಿತು. ಅದರ ಅಂಕಿ ಗೊತ್ತಿದ್ದ ಇನ್ನೊಬ್ಬರು ಅತ್ತೆ ಮಾತ್ರ. ರಬ್ಬರ್ ಬೂಟು, ಮೀನಿನ ಹುರುಪೆ ಮೆತ್ತಿದ ಏಪ್ರನ್. ಹಿಂದೆ ಇಬ್ಬರು ಪೊಲೀಸರು.

"ಅಮ್ಮಾ!" ಸಾಂಗಿಲ್ ರಕ್ತದ ಮುಖವನ್ನು ಅತ್ತ ತಿರುಗಿಸಿದ. "ನೋಡಮ್ಮಾ, ಕೊಲ್ಲೋಕೆ ಬಂದ್ಲು! ಹೇಳಮ್ಮಾ ಇವರಿಗೆ!"

ಎಲ್ಲ ಮುಗಿಯಿತು ಎಂದುಕೊಂಡಳು ಹ್ಯೇರಿನ್. ಲ್ಯಾಪ್‌ಟಾಪ್ ಕೆಳಗಿಟ್ಟು ಗೋಡೆಗೆ ಒರಗಿದಳು.

ಮುದುಕಿ ಮಗನನ್ನು ದಾಟಿ ಬಂದು ಸೊಸೆಯ ಪಕ್ಕ ನೆಲದ ಮೇಲೆ ಕೂತರು. ಏಪ್ರನ್ನಿನ ಜೇಬಿನಿಂದ ಫೋನು ತೆಗೆದು ಪೊಲೀಸರ ಕಡೆ ಚಾಚಿದರು.

"ಭಾನುವಾರದಿಂದ ಎಲ್ಲಾ ಇದರಲ್ಲಿದೆ. ಕ್ಯಾಮೆರಾ ಇಟ್ಟೋಳು ನಾನು. ಇವನಪ್ಪ ನನ್ನ ಹೊಡೆಯುವಾಗ ನೋಡಿದೋರು ಒಬ್ರೂ ಇರ್ಲಿಲ್ಲ. ಇವನು ಹೊಡೆದಿದ್ದನ್ನ ನಾನು ನೋಡಿದೀನಿ, ಇವನಿಗೆ ಕೋಳ ಹಾಕಿ."