ಅಜ್ಜಿಯ ಕಟ್ಟೆಗೆ ಬಂದ ಕಪ್ಪೆಗಳು

ಕೆಸರು ಮೆತ್ತಿದ ಮಡಕೆಯ ವಾಸನೆ ಬಂದರೆ ನನಗೆ ಇಂದಿಗೂ ಅಜ್ಜಿಯ ಮೇಲೆ ಅನುಮಾನ ಮೂಡುತ್ತದೆ.

ಮಹಾರಾಜರ ಕಾಲದಲ್ಲಿ, ಹುಣಸೂರಿನ ಹತ್ತಿರದ ನಮ್ಮ ಹೊಲದಲ್ಲಿ ಅಜ್ಜಿ ದನಕ್ಕೆ ನೀರು ನಿಲ್ಲಲೆಂದು ಒಂದು ಕಟ್ಟೆ ತೋಡಿಸಿದ್ದಳು. ಕಪ್ಪೆಗಳು ತಾವಾಗಿ ಬಂದು ಸೇರದ ನೀರನ್ನು ನಮ್ಮೂರಿನವರು ದನಕ್ಕೆ ಕುಡಿಸುತ್ತಿರಲಿಲ್ಲ. ಮಳೆ ನೀರು ತುಂಬಿ ತಿಂಗಳಾದರೂ ಒಂದು ಕಪ್ಪೆಯೂ ಸುಳಿಯಲಿಲ್ಲ.

“ಕೆಟ್ಟ ನೀರು ಕಣವ್ವ, ಮುಚ್ಚುಸ್ಬುಡು,” ಎಂದು ಪಕ್ಕದ ಹೊಲದ ನಿಂಗಯ್ಯ ದಿನವೂ ಹೇಳುತ್ತಿದ್ದ.

ಒಂದು ಮಧ್ಯಾಹ್ನ ಅಜ್ಜಿ ಹಳೇ ಕೆರೆಯ ಕಡೆಯಿಂದ ಹೊಲಕ್ಕೆ ಬಂದಳು. ಸೀರೆಯ ಅಂಚು ಒದ್ದೆಯಾಗಿತ್ತು. ಕಂಕುಳಲ್ಲಿದ್ದ ಮಡಕೆಯ ಬಾಯಿಗೆ ಬಟ್ಟೆ ಕಟ್ಟಿತ್ತು. ಆ ಬಟ್ಟೆ ಅಲುಗುತ್ತಿತ್ತು.

“ಏನಜ್ಜಿ ಅದು?”

“ಮಜ್ಜಿಗೆ ಕಣ್ಲಾ.”

“ಮಜ್ಜಿಗೆ ಎಗರ್ತದಾ?”

“ಹುಳಿ ಬಂದದೆ, ಸುಮ್ಕಿರು.”

ನಾಲ್ಕು ದಿನದಲ್ಲಿ ಕಟ್ಟೆಯ ತುಂಬ ಕಪ್ಪೆಗಳು ವಟಗುಟ್ಟತೊಡಗಿದವು. ನಿಂಗಯ್ಯ ಹಸು ಹಿಡಿದುಕೊಂಡು ಬಂದು ನನ್ನನ್ನೇ ಕೇಳಿದ: “ಯಾರಾರ ತಂದು ಬುಟ್ರೇನ್ಲಾ?”

ಪಕ್ಕದಲ್ಲೇ ನಿಂತಿದ್ದ ಅಜ್ಜಿ ನನ್ನ ಕಡೆ ನೋಡಲಿಲ್ಲ.

“ಇಲ್ಲ, ಅವೇ ಬಂದ್ವು,” ಎಂದೆ. ಅವನು ಹಸುವಿನ ಹಗ್ಗ ಸಡಿಲ ಬಿಟ್ಟ.

ಹೊಸ ನೀರಿಗೆ ಕಪ್ಪೆಗಳು ತಾವಾಗಿಯೇ ಬರುತ್ತವೆಂದು ಮುಂದೆ ಕಾಲೇಜಿನಲ್ಲಿ ಓದಿದೆ. ಮಡಕೆಯಲ್ಲಿ ಮಜ್ಜಿಗೆಯೇ ಇದ್ದಿರಬಹುದು. ಆದರೆ ಅವಳು ಮಡಕೆ ತಂದ ದಿನ ಮನೆಯಲ್ಲಿ ಯಾರ ಊಟಕ್ಕೂ ಮಜ್ಜಿಗೆ ಬೀಳಲಿಲ್ಲ.